ಹೆಸರು ತಿಳಿಯದವನ ಹುಡುಕಾಟ

ನಿಘಂಟು ಬಹು ಉಪಕಾರಿಯಾದ ಗ್ರಂಥವೇನೋ ಸರಿ; ಆದರೆ ಅದಕ್ಕೂ ಒಂದು ಹಟವುಂಟು. ಶಬ್ದವನ್ನು ಬಲ್ಲವನಿಗೆ ಅದು ಅರ್ಥವನ್ನು ಹೇಳುತ್ತದೆ. ಅರ್ಥ ಮನಸ್ಸಿನಲ್ಲಿದ್ದು ಶಬ್ದ ನಾಲಗೆಗೆ ಬಾರದವನ ಮುಂದೆ ಬಾಯಿ ಬಿಡದು. ಅಮರಸಿಂಹನ ಕೋಶದ ಕ್ರಮವೇ ಬೇರೆ. ಅಲ್ಲಿ ಶಬ್ದಗಳು ಅಕಾರಾದಿಯಾಗಿ ನಿಲ್ಲದೆ, ಸ್ವರ್ಗವರ್ಗ, ವನೌಷಧಿವರ್ಗ ಎಂದು ವಸ್ತುವಿನ ಸ್ವರೂಪವನ್ನನುಸರಿಸಿ ಗುಂಪುಗೂಡಿವೆ. ಗಿಡವೊಂದರ ಹೆಸರನ್ನು ಮರೆತವನು ಗಿಡಗಳ ನಡುವೆಯೇ ಅದನ್ನು ಅರಸಬಹುದು.

ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರನ್ನು ಕಾಡುವುದೂ ಇದೇ ತೊಡಕು. ದೊಡ್ಡದೊಂದು ಪ್ರೋಗ್ರಾಂ ಎಂದರೆ ಸಾವಿರಾರು ಚಿಕ್ಕ ಚಿಕ್ಕ ಘಟಕಗಳ ಭಂಡಾರ. ಇಂಥ ಘಟಕಕ್ಕೆ ‘ಫಂಕ್ಷನ್’ ಎಂದು ಹೆಸರು. ರಾಗಿಯನ್ನು ಪಡೆದು ಹಿಟ್ಟನ್ನು ಕೊಡುವ ಬೀಸುವ ಕಲ್ಲಿನಂತೆ, ಪ್ರತಿಯೊಂದು ಫಂಕ್ಷನ್ನೂ ಏನನ್ನೋ ತೆಗೆದುಕೊಂಡು ಏನನ್ನೋ ಹಿಂದಿರುಗಿಸುತ್ತದೆ. ಬರೆದವನು ತನಗೆ ತೋಚಿದ ಹೆಸರನ್ನಿಟ್ಟು ಹೋಗಿರುತ್ತಾನೆ. ವರ್ಷಗಳ ಮೇಲೆ ಬಂದ ಹೊಸಬನಿಗೆ ಬೇಕಾದುದು ಕೆಲಸ, ತಿಳಿಯದಿರುವುದು ಹೆಸರು.

ಹೆಸರುಗಳ ವೈಚಿತ್ರ್ಯವನ್ನಾದರೂ ನೋಡಿ. ಪಟ್ಟಿಯೊಂದರಿಂದ ನಿಯಮಕ್ಕೆ ಒಪ್ಪುವವನ್ನು ಮಾತ್ರ ಜರಡಿ ಹಿಡಿದು ತೆಗೆಯುವ ಕೆಲಸವೊಂದಿದೆ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಅದು ‘ಫಿಲ್ಟರ್’. ರೂಬಿ ಭಾಷೆಯವರಿಗೆ ‘ಸೆಲೆಕ್ಟ್’. ಸಿ ಶಾರ್ಪ್ ಭಾಷೆಯವರಿಗೆ ‘ವೇರ್’. ಕೆಲಸವೊಂದೇ, ಹೆಸರು ಮೂರು. ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದವನು ಹಳೆಯ ಹೆಸರಿನಿಂದ ಕೂಗಿದರೆ ಓಗೊಡುವವರಿಲ್ಲ. ಆಗ ಅವನೇನು ಮಾಡಿಯಾನು? ಇಲ್ಲವೆಂದೇ ಭಾವಿಸಿ ತಾನೇ ಮತ್ತೊಮ್ಮೆ ಬರೆಯುತ್ತಾನೆ. ಹೀಗೆ ಒಂದೇ ಕೆಲಸ ಹತ್ತು ಕಡೆ ಹತ್ತು ರೀತಿಯಾಗಿ ನೆಲೆಯೂರುತ್ತದೆ. ಒಂದು ಕಡೆ ತಪ್ಪು ಕಂಡು ತಿದ್ದಿದರೂ ಉಳಿದ ಒಂಬತ್ತು ಕಡೆ ಅದು ಸುಖವಾಗಿ ಬಾಳುತ್ತದೆ.

ಹೆಸರನ್ನು ಬಿಟ್ಟು ರೂಪವನ್ನೇ ಹಿಡಿದು ಹುಡುಕಿದರೆ ಹೇಗೆ? ಹ್ಯಾಸ್ಕೆಲ್‌ನಂಥ ಭಾಷೆಗಳಲ್ಲಿ ಪ್ರತಿಯೊಂದು ಫಂಕ್ಷನ್ನಿಗೂ ತಾನು ಏನನ್ನು ಪಡೆಯುವೆ, ಏನನ್ನು ಕೊಡುವೆ ಎಂಬ ಕರಾರುಪತ್ರವೊಂದು ಇರುತ್ತದೆ. ಇದೇ ‘ಟೈಪ್ ಸಿಗ್ನೇಚರ್’. ಜರಡಿಯ ಕರಾರು ಇಷ್ಟೆ: ವಸ್ತುವನ್ನು ನೋಡಿ ಹೌದು ಅಥವಾ ಅಲ್ಲ ಎನ್ನುವ ಒಂದು ಪರೀಕ್ಷೆಯನ್ನೂ ಅಂಥ ವಸ್ತುಗಳ ಪಟ್ಟಿಯೊಂದನ್ನೂ ಕೊಡಿ, ಅಂಥವೇ ವಸ್ತುಗಳ ಪಟ್ಟಿಯನ್ನು ಹಿಂದಕ್ಕೆ ಪಡೆಯಿರಿ. ವಸ್ತು ಅಂಕೆಯಾದರೇನು, ಅಕ್ಷರವಾದರೇನು, ಕರಾರು ಬದಲಾಗದು.

1989ರಲ್ಲಿ ಲಂಡನ್ನಿನಲ್ಲಿ ನಡೆದ ವಿದ್ವತ್ಸಮ್ಮೇಳನವೊಂದರಲ್ಲಿ ಈ ವಿಚಾರದ ಮೇಲೆ ಎರಡು ಪ್ರಬಂಧಗಳು ಒಟ್ಟಿಗೇ ಬಂದುವು. ಒಂದು ಸ್ವೀಡನ್ನಿನ ಮಿಕಾಯೆಲ್ ರಿಟ್ರಿಯವರದು. ಪರೀಕ್ಷೆಯನ್ನು ಮೊದಲು ಕೊಟ್ಟು ಪಟ್ಟಿಯನ್ನು ಆಮೇಲೆ ಕೊಟ್ಟರೇನು, ಪಟ್ಟಿಯೇ ಮೊದಲಾದರೇನು, ಇಂಥ ಹೊರಗಿನ ಭೇದಗಳನ್ನು ಲೆಕ್ಕಿಸದೆ ಹುಡುಕುವ ಉಪಾಯವನ್ನು ಅವರು ಗಣಿತದ ಆಧಾರದ ಮೇಲೆ ತೋರಿಸಿದರು. ಇನ್ನೊಂದು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕಾಲಿನ್ ರನ್ಸಿಮನ್ ಮತ್ತು ಇಯಾನ್ ಟಾಯ್ನ್ ಅವರದು. ಅರೆ ಬರೆದ ಪ್ರೋಗ್ರಾಮಿನಲ್ಲಿ ಬಿಟ್ಟ ಸ್ಥಳದ ಆಕಾರವೇ ಅಲ್ಲಿ ಕೂಡತಕ್ಕ ಘಟಕದ ಕುರುಹಾಗಬಲ್ಲದೆಂದು ಅವರು ಸೂಚಿಸಿದರು. ಬೀಗವನ್ನು ನೋಡಿ ಬೀಗದ ಕೈಯನ್ನು ಹುಡುಕುವ ಪರಿ ಇದು.

ಅದೇ ಯಾರ್ಕಿನಲ್ಲಿದ್ದ ನೀಲ್ ಮಿಚೆಲ್ ಎಂಬ ತರುಣರು 2004ರಲ್ಲಿ ಹ್ಯಾಸ್ಕೆಲ್ ಭಾಷೆಗಾಗಿ ‘ಹೂಗಲ್’ ಎಂಬ ಶೋಧಕವನ್ನು ರಚಿಸಿದರು. ಹ್ಯಾಸ್ಕೆಲ್ ಮತ್ತು ಗೂಗಲ್ ಎಂಬ ಎರಡು ಹೆಸರುಗಳ ಸಂಧಿಯಿಂದ ಹುಟ್ಟಿದ ಈ ಶೋಧಕ ಇಂದಿಗೂ ಬಳಕೆಯಲ್ಲಿದೆ. ಬೇಕಾದ ಕರಾರನ್ನು ಬರೆದುಕೊಟ್ಟರೆ, ಅದಕ್ಕೆ ಹೊಂದುವ ಫಂಕ್ಷನ್ನುಗಳನ್ನು ಹೆಸರು, ವಿವರಣೆಗಳೊಡನೆ ಸಾಲಾಗಿ ತಂದು ನಿಲ್ಲಿಸುತ್ತದೆ. ವಿಚಾರ ಅಲ್ಲಿಗೇ ನಿಂತಿಲ್ಲ. ಗಣಿತದ ಪ್ರಮೇಯಗಳನ್ನು ಕಂಪ್ಯೂಟರಿನಿಂದ ಪರೀಕ್ಷಿಸುವ ‘ಲೀನ್’ ಎಂಬ ಭಾಷೆಗೆ ‘ಲೂಗಲ್’ ಎಂಬ ಶೋಧಕವುಂಟು. ಪ್ರಮೇಯದ ಹೆಸರನ್ನರಿಯದ ಗಣಿತಜ್ಞನು ಅದರ ಆಕಾರವನ್ನು ಬರೆದೇ ಅದನ್ನು ಪಡೆಯಬಹುದು.

ಹಾಗಾದರೆ ಹುಡುಕಾಟದ ಕಷ್ಟ ತೀರಿತೆ? ಅರ್ಧ ತೀರಿತೆನ್ನಬೇಕು. ರೂಪ ಒಂದಾದ ಮಾತ್ರಕ್ಕೆ ಗುಣ ಒಂದಾಗದು. ಜರಡಿಯ ಕರಾರನ್ನು ಹೂಗಲ್‌ಗೆ ಕೊಟ್ಟು ನೋಡಿದರೆ, ಫಿಲ್ಟರ್‌ನೊಂದಿಗೆ ‘ಟೇಕ್‌ವೈಲ್’, ‘ಡ್ರಾಪ್‌ವೈಲ್’ ಎಂಬ ಇನ್ನಿಬ್ಬರು ಅದೇ ವೇಷದಲ್ಲಿ ಬರುತ್ತಾರೆ. ಮೂವರ ಕರಾರುಪತ್ರದಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ನಡತೆ ಮಾತ್ರ ಬೇರೆ ಬೇರೆ.

ನಾಲ್ವರು ವಿದ್ಯಾರ್ಥಿಗಳ ಅಂಕಗಳು ಕ್ರಮವಾಗಿ 62, 48, 20, 71 ಎಂದಿರಲಿ. 35 ಅಥವಾ ಹೆಚ್ಚು ಪಡೆದವರು ತೇರ್ಗಡೆಯೆಂದಿರಲಿ. ಫಿಲ್ಟರ್ ಪಟ್ಟಿಯನ್ನೆಲ್ಲ ಶೋಧಿಸಿ 62, 48, 71 ಎಂದು ನ್ಯಾಯವಾಗಿ ಹೇಳುತ್ತದೆ. ಟೇಕ್‌ವೈಲ್ ನಿಯಮ ಮುರಿದ ಮೊದಲ ಅಂಕೆಯ ಬಳಿಯಲ್ಲೇ ನಿಂತುಬಿಡುವುದರಿಂದ 62, 48 ಮಾತ್ರ ಉಳಿಯುತ್ತವೆ. ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಹುಡುಗಿಯ ಹೆಸರೇ ಫಲಿತಾಂಶದಲ್ಲಿಲ್ಲ! ಡ್ರಾಪ್‌ವೈಲ್ ಇನ್ನೂ ವಿಪರೀತ: ಆರಂಭದಲ್ಲಿ ತೇರ್ಗಡೆಯಾದವರನ್ನು ಉದುರಿಸಿ, 20 ಮತ್ತು 71ನ್ನು ಉಳಿಸಿಕೊಳ್ಳುತ್ತದೆ. ನಪಾಸಾದವನಿಗೆ ಸಿಹಿ, ಪಾಸಾದವರಿಬ್ಬರಿಗೆ ಕಣ್ಣೀರು. ಯಾವುದನ್ನು ಆರಿಸಿಕೊಂಡರೂ ಕಂಪ್ಯೂಟರ್ ತಕರಾರೆತ್ತದು, ಕರಾರು ಸರಿಯಾಗಿದೆಯಷ್ಟೆ!

ಮದುವೆಯ ಮಾತುಕತೆಯಲ್ಲಿ ಜಾತಕ ಕೂಡಿತೆಂಬ ಒಂದೇ ಕಾರಣಕ್ಕೆ ಯಾವ ಹಿರಿಯರೂ ತಾಂಬೂಲ ಬದಲಾಯಿಸುವುದಿಲ್ಲ; ಹುಡುಗನನ್ನು ಕಂಡು, ನಾಲ್ಕು ಮಾತನಾಡಿಸಿ, ನಡತೆಯನ್ನು ವಿಚಾರಿಸುತ್ತಾರೆ. ಸಾವಿರಾರು ಘಟಕಗಳಲ್ಲಿ ಆರಿಸಿ ಮೂರನ್ನು ಮುಂದಿಡುವುದು ಶೋಧಕದ ಉಪಕಾರ. ಅದು ಸಾಮಾನ್ಯ ಉಪಕಾರವಲ್ಲ. ಹಿಂದಿನವರ ಶ್ರಮ ಕತ್ತಲೆಯಲ್ಲಿ ಕೊಳೆಯದಂತೆ ಅದು ಕಾಪಾಡುತ್ತದೆ. ಆದರೆ ಆ ಮೂರರ ವಿವರಣೆಯನ್ನು ಓದಿ, ಪುಟ್ಟದೊಂದು ಪಟ್ಟಿಯ ಮೇಲೆ ಓಡಿಸಿ ನೋಡಿ, ಒಂದನ್ನು ಕೈಹಿಡಿಯುವ ಹೊಣೆ ಬರೆಯುವವನದೇ. ಆ ಪಟ್ಟಿಯ ನಡುವೆ 20ರಂಥ ಅಂಕೆಯೊಂದನ್ನು ಇಟ್ಟು ನೋಡುವುದನ್ನು ಮಾತ್ರ ಅವನು ಮರೆಯಕೂಡದು. ಎಲ್ಲರೂ ತೇರ್ಗಡೆಯಾದ ಪಟ್ಟಿಯ ಮೇಲೆ ಫಿಲ್ಟರ್‌ಗೂ ಟೇಕ್‌ವೈಲ್‌ಗೂ ಭೇದವೇ ಕಾಣದು.