ನಿಂತಾಗಲೂ ಉಣ್ಣುವ ವಾಹನಗಳು

ನಮ್ಮೊಡನೆ ಬಿ.ಎಸ್‌ಸಿ. ತರಗತಿಯಲ್ಲಿ ಓದಿ, ಈಗ ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿಶಿಗನ್ ರಾಜ್ಯದಲ್ಲಿ ಎಂಜಿನಿಯರಾಗಿರುವ ಮಿತ್ರರೊಬ್ಬರು ಕೆಲವು ತಿಂಗಳ ಹಿಂದೆ ಪತ್ರ ಬರೆದು ಒಂದು ವಿಚಿತ್ರವಾದ ಪ್ರಶ್ನೆಯನ್ನು ಕೇಳಿದರು. ಅವರೂ ಅವರ ಪತ್ನಿಯೂ ಹತ್ತು ವರ್ಷ ದುಡಿದು 1,20,000 ಡಾಲರುಗಳನ್ನು ಕೂಡಿಟ್ಟಿದ್ದಾರೆ. ಅದರಲ್ಲಿ ಒಂದು ಮೋಟಾರ್‌ಹೋಮನ್ನು ಕೊಳ್ಳಬೇಕೆಂದು ಪತಿಯ ಆಸೆ. ದೋಣಿಯನ್ನು ಕೊಳ್ಳಬೇಕೆಂದು ಪತ್ನಿಯ ಆಸೆ. "ನೀನು ಮೇಷ್ಟ್ರು. ಬೆಲೆ ಎರಡಕ್ಕೂ ಒಂದೇ. ಕೊಂಡ ಮೇಲೆ ಯಾವುದಕ್ಕೆ ಖರ್ಚು ಕಡಿಮೆ, ಲೆಕ್ಕ ಹಾಕಿ ಹೇಳು. ಇದು ನಮ್ಮ ಉಳಿತಾಯವೆಲ್ಲ" ಎಂದು ಅವರು ಬರೆದಿದ್ದರು.

ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋಗುವ ನಮಗೆ ಈ ಪ್ರಶ್ನೆ ಮೊದಲು ನಗೆಯನ್ನೇ ತರಿಸಿತು. ಆದರೆ ಕಾಗದ ಪೆನ್ಸಿಲು ಹಿಡಿದು ಕುಳಿತಾಗ, ಇದು ಸಿರಿವಂತ ನಾಡಿನ ವಿನೋದದ ಪ್ರಶ್ನೆ ಮಾತ್ರವಲ್ಲವೆಂದು ತಿಳಿಯಿತು. ಮೋಟಾರುಸೈಕಲ್ಲಿಗಾಗಿ ಮನೆಯವರನ್ನು ಪೀಡಿಸುವ ನಮ್ಮ ವಿದ್ಯಾರ್ಥಿಗಳಿಗೂ ಇದೇ ಲೆಕ್ಕ ಬೇಕು. ಅವರೂ ನಮ್ಮ ಮಿತ್ರರಂತೆಯೇ ಮೊದಲು ಕೇಳುವ ಮಾತು ಒಂದೇ: ಲೀಟರಿಗೆ ಎಷ್ಟು ಓಡುತ್ತದೆ? ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ.

ಮೋಟಾರ್‌ಹೋಮ್ ಎಂದರೆ ಬಸ್ಸಿನ ಅಥವಾ ಲಾರಿಯ ಅಡಿಗಟ್ಟಿನ ಮೇಲೆ ಕಟ್ಟಿದ ಮನೆ. ಅದರಲ್ಲಿ ಹಾಸಿಗೆ, ಒಲೆ, ಬಚ್ಚಲು, ಶೌಚಗೃಹಗಳೆಲ್ಲ ಉಂಟು. ಐಯೋವ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಊರಿನಲ್ಲಿ ವಿನ್ನೆಬೇಗೊ ಸಂಸ್ಥೆ 1966ರಲ್ಲಿ ಇಂಥವನ್ನು ತಯಾರಿಸತೊಡಗಿದ ಮೇಲೆ ಅವು ಆ ದೇಶದಲ್ಲಿ ಬಹಳವಾಗಿ ಹರಡಿದವು. ಮಲಗುವ, ಅಡಿಗೆ ಮಾಡುವ, ಶೌಚಕ್ಕೆ ಹೋಗುವ ಅನುಕೂಲಗಳು ಮೂರೂ ಇದ್ದರೆ ಅಲ್ಲಿನ ವರಮಾನ ತೆರಿಗೆಯ ಕಾನೂನು ಮೋಟಾರ್‌ಹೋಮನ್ನೂ ದೋಣಿಯನ್ನೂ ಸಮಾನವಾಗಿ 'ಮನೆ' ಎಂದೇ ಎಣಿಸುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅವು ಒಡಹುಟ್ಟಿದವು. ಪ್ರಕೃತಿಯ ದೃಷ್ಟಿಯಲ್ಲಿ ಹಾಗಲ್ಲ.

ಹತ್ತು ಟನ್ನು ತೂಕದ ಮೋಟಾರ್‌ಹೋಮೊಂದು ಗಂಟೆಗೆ 90 ಕಿಲೋಮೀಟರು, ಅಂದರೆ ಸೆಕೆಂಡಿಗೆ 25 ಮೀಟರು ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಚಕ್ರಗಳ ಉರುಳು ಘರ್ಷಣೆ ತೂಕದ ಸಾವಿರದಲ್ಲಿ ಎಂಟು ಪಾಲಿನಷ್ಟು; ಸುಮಾರು 800 ನ್ಯೂಟನ್. ಮುಂಭಾಗ 8 ಚದರ ಮೀಟರಿನ ಗೋಡೆಯಂತಿರುವುದರಿಂದ ಗಾಳಿಯ ತಡೆ ಸುಮಾರು 1,800 ನ್ಯೂಟನ್. ಒಟ್ಟು 2,600. ಆದುದರಿಂದ ಒಂದು ಕಿಲೋಮೀಟರಿಗೆ 26 ಲಕ್ಷ ಜೂಲ್ ಕೆಲಸ. ಒಂದು ಲೀಟರು ಡೀಸೆಲಿನಲ್ಲಿ ಸುಮಾರು 3.6 ಕೋಟಿ ಜೂಲ್ ಶಕ್ತಿ ಇದ್ದರೂ ಚಕ್ರಕ್ಕೆ ತಲಪುವುದು 1.1 ಕೋಟಿಯಷ್ಟೆ. ಭಾಗಿಸಿದರೆ ಲೀಟರಿಗೆ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಇಂಥ ದೊಡ್ಡ ಗಾಡಿಗಳ ಮಾಲೀಕರು ಹೇಳುವ ಅಂಕವೂ ಇದರ ಆಸುಪಾಸಿನದೇ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವೇಗವನ್ನು 72 ಕಿಲೋಮೀಟರಿಗೆ ಇಳಿಸಿದರೆ ಲೀಟರಿಗೆ ಐದೂವರೆ ಕಿಲೋಮೀಟರು ದೊರೆಯುವುದು. ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಿ ತೋರಿಸಿದಾಗ ನಮ್ಮ ವಿದ್ಯಾರ್ಥಿಗಳು ಬಹಳ ಸಂತೋಷಪಟ್ಟರು.

ದೋಣಿಯ ಸಂಗತಿ ಬೇರೆ. ಹತ್ತು ಟನ್ನಿನ ದೋಣಿಯನ್ನು ನಿಶ್ಚಲವಾದ ನೀರಿನಲ್ಲಿ ಒಬ್ಬ ಬಾಲಕ ಕೈಯಿಂದ ನೂಕಿದರೂ ಅದು ಮೆಲ್ಲನೆ ಚಲಿಸುತ್ತದೆ. ಹತ್ತು ಟನ್ನಿನ ಗಾಡಿಯನ್ನು ಹಾಗೆ ನೂಕಿ ನೋಡಲಿ! ಆದರೆ ವೇಗ ಹೆಚ್ಚಿದಂತೆ ದೋಣಿ ತನ್ನ ಮುಂದೆ ಒಂದು ಅಲೆಯನ್ನು ಎಬ್ಬಿಸುತ್ತದೆ. ಆಳವಾದ ನೀರಿನಲ್ಲಿ ಅಲೆಯ ವೇಗ ಅದರ ಉದ್ದದ ವರ್ಗಮೂಲವನ್ನು ಅನುಸರಿಸುವುದು. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾಯಿತೆಂದರೆ, ದೋಣಿ ತಾನೇ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ ಸಿಕ್ಕಿಕೊಂಡು ಅದನ್ನು ಹತ್ತಲು ಹೆಣಗಬೇಕಾಗುತ್ತದೆ. ನೀರಿನ ಮಟ್ಟದಲ್ಲಿ 11 ಮೀಟರು ಉದ್ದವಿರುವ ದೋಣಿಗೆ ಈ ಎಲ್ಲೆ ಗಂಟೆಗೆ ಸುಮಾರು 15 ಕಿಲೋಮೀಟರು. ಇಂಗ್ಲೆಂಡಿನ ಟಾರ್ಕೀ ಎಂಬಲ್ಲಿ 1870ರ ದಶಕದ ಆರಂಭದಲ್ಲಿ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಪುಟ್ಟ ಮಾದರಿ ಹಡಗುಗಳನ್ನು ಎಳೆದು ಎಳೆದು ಈ ವಿಷಯವನ್ನು ಬೆಳಕಿಗೆ ತಂದವರು ವಿಲಿಯಂ ಫ್ರೌಡ್.

ಎಲ್ಲೆಯ ಕೆಳಗೆ, ಗಂಟೆಗೆ 11 ಕಿಲೋಮೀಟರಿನಂತೆ ತಾಳ್ಮೆಯಿಂದ ಸಾಗುವ ದೋಣಿಗೆ ಗಂಟೆಗೆ ಮೂರು ನಾಲ್ಕು ಲೀಟರು ಸಾಕು. ಆದರೆ ಎರಡು ಭಾರಿ ಎಂಜಿನುಗಳನ್ನು ಹೂಡಿ ದೋಣಿಯನ್ನು ನೀರಿನ ಮೇಲಕ್ಕೆ ಎತ್ತಿ ಓಡಿಸುವವರಿಗೆ ಗ್ಯಾಲನ್ನಿಗೆ ಒಂದು ಮೈಲಿ ಸಿಕ್ಕುವುದು ಸಾಮಾನ್ಯ. ಅಂದರೆ ಲೀಟರಿಗೆ ಅರ್ಧ ಕಿಲೋಮೀಟರಿಗೂ ಕಡಿಮೆ.

ವರ್ಷಕ್ಕೆ ಇಪ್ಪತ್ತು ದಿನ ವಿಹಾರವೆಂದು ಹಿಡಿಯೋಣ. ದಿನಕ್ಕೆ 200 ಕಿಲೋಮೀಟರಿನಂತೆ ಮೋಟಾರ್‌ಹೋಮಿಗೆ 950 ಲೀಟರು ಬೇಕು. ದಿನಕ್ಕೆ ಐದು ಗಂಟೆಯಂತೆ ನಿಧಾನದ ದೋಣಿಗೆ 350. ದಿನಕ್ಕೆ ಎರಡೇ ಗಂಟೆ 40 ಕಿಲೋಮೀಟರು ವೇಗದಲ್ಲಿ ಧಾವಿಸುವ ದೋಣಿಗೆ 3,800. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ ಒಂದು ಡಾಲರಿನಂತೆ ಹಿಡಿದರೆ ಡಾಲರಿನ ಅಂಕಗಳೂ ಇವೇ.

ಇಲ್ಲಿಗೆ ನಿಲ್ಲಿಸಿ ಉತ್ತರ ಬರೆದುಬಿಡೋಣವೆಂದು ನಾವೂ ಯೋಚಿಸಿದ್ದೆವು. ಬರೆದಿದ್ದರೆ ಮಿತ್ರರಿಗೆ ದ್ರೋಹ ಬಗೆದಂತಾಗುತ್ತಿತ್ತು. ವರ್ಷದಲ್ಲಿ ಇಪ್ಪತ್ತು ದಿನ ಚಲಿಸುವ ವಸ್ತು ಉಳಿದ 345 ದಿನ ಏನು ಮಾಡುತ್ತದೆ? ನಮ್ಮ ಪರೀಕ್ಷೆಯ ಪ್ರಶ್ನೆಗಳಲ್ಲಿ 'ಘರ್ಷಣೆಯನ್ನು ಲಕ್ಷಿಸಬೇಕಾಗಿಲ್ಲ' ಎಂಬ ಅಪ್ಪಣೆ ಇರುತ್ತದೆ. ತುಕ್ಕನ್ನು ಲಕ್ಷಿಸಬೇಕಾಗಿಲ್ಲವೆಂದು ಯಾರೂ ಬರೆಯುವುದಿಲ್ಲ. ಏಕೆಂದರೆ ತುಕ್ಕಿನ ನೆನಪೇ ನಮಗಿಲ್ಲ. ಚಲಿಸುವ ವಸ್ತುವನ್ನು ಕುರಿತು ವರ್ಷವಿಡೀ ಪಾಠ ಹೇಳುವ ನಾವು, ಸುಮ್ಮನೆ ನಿಂತ ವಸ್ತು ಸವೆಯುತ್ತಿದೆ ಎಂಬುದನ್ನು ಒಂದು ದಿನವೂ ಹೇಳುವುದಿಲ್ಲ. ಇದು ನಮ್ಮ ಶಿಕ್ಷಣದ ಒಂದು ದೋಷವೆಂದೇ ನಮ್ಮ ಅಭಿಪ್ರಾಯ.

ನೀರು ದೋಣಿಯನ್ನು ಹೊರುವುದು ಬಿಟ್ಟಿಯಾಗಿ ಅಲ್ಲ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಗುಲಿ ನಿಂತರೆ ಅದೊಂದು ವಿದ್ಯುತ್ಕೋಶ. ಕಂಚಿನ ತಿರುಗಣೆ, ಉಕ್ಕಿನ ದಂಡ, ನಡುವೆ ಸಮುದ್ರ: ವೋಲ್ಟಾ ಮೇಜಿನ ಮೇಲೆ ಮಾಡಿದುದನ್ನು ದೋಣಿ ಹಗಲಿರುಳು ಮಾಡುತ್ತಿರುತ್ತದೆ. ಇದಕ್ಕೆ ಮದ್ದನ್ನು ಸೂಚಿಸಿದವರು ಹಂಫ್ರಿ ಡೇವಿ. ಬ್ರಿಟಿಷ್ ನೌಕಾದಳದ ಹಡಗುಗಳಿಗೆ ಹೊದಿಸಿದ್ದ ತಾಮ್ರದ ತಗಡು ಸವೆಯುತ್ತಿದ್ದಾಗ, ಅದಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ತಗುಲಿಸಿದರೆ ಆ ತುಂಡು ಕರಗಿ ತಾಮ್ರ ಉಳಿಯುವುದೆಂದು ಅವರು 1824ರಲ್ಲಿ ತೋರಿಸಿಕೊಟ್ಟರು. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರವೇ ವಿಷವಾಗಿ ಪಾಚಿಯನ್ನೂ ಚಿಪ್ಪುಜೀವಿಗಳನ್ನೂ ದೂರವಿರಿಸಿತ್ತು! ಕರಗುವುದು ನಿಂತೊಡನೆ ಹಡಗಿನ ಹೊಟ್ಟೆಯ ತುಂಬ ಅವು ಮನೆಮಾಡಿ, ವೇಗ ಕುಗ್ಗಿ, ಕೆಲವೇ ವರ್ಷಗಳಲ್ಲಿ ನೌಕಾದಳ ಆ ಏರ್ಪಾಟನ್ನು ಕೈಬಿಡಬೇಕಾಯಿತು. ಸವೆತವನ್ನು ತಡೆದರೆ ಪಾಚಿ, ಪಾಚಿಯನ್ನು ತಡೆದರೆ ಸವೆತ. ನೀರಿಗೆ ಎರಡರಲ್ಲಿ ಒಂದು ಕಂದಾಯವನ್ನು ಕೊಟ್ಟೇ ತೀರಬೇಕು. ಇಂದಿನ ದೋಣಿಗಾರ ಎರಡನ್ನೂ ಕೊಡುತ್ತಾನೆ. ಸತುವಿನ ಬಿಲ್ಲೆಗಳನ್ನು ಮತ್ತೆ ಮತ್ತೆ ಬದಲಿಸುತ್ತಾನೆ. ತಳಕ್ಕೆ ವಿಷವುಳ್ಳ ಬಣ್ಣವನ್ನು ಮತ್ತೆ ಮತ್ತೆ ಬಳಿಯುತ್ತಾನೆ. ಆ ಬಣ್ಣಗಳಲ್ಲಿ ಅತ್ಯಂತ ಸಮರ್ಥವಾಗಿದ್ದ ಟ್ರೈಬ್ಯುಟೈಲ್ ತವರದ ಸಂಯುಕ್ತಗಳು ಸಮುದ್ರದ ಸಿಂಪಿಗಳನ್ನೇ ಕೆಡಿಸಿದುದರಿಂದ, 2001ರ ಅಂತರರಾಷ್ಟ್ರೀಯ ಒಪ್ಪಂದವೊಂದು ಅವನ್ನು ನಿಷೇಧಿಸಿತು. ಆ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು.

ನಮ್ಮ ಕರಾವಳಿಯ ಮಲ್ಪೆ, ಮಂಗಳೂರುಗಳ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಅವರು ದೋಣಿಗಳನ್ನು ಮೇಲಕ್ಕೆಳೆದು ಕೆರೆದು, ದುರಸ್ತಿ ಮಾಡಿ, ಬಣ್ಣ ಬಳಿಯುತ್ತಾರೆ. ಅವರ ದೋಣಿ ಉಳಿದ ತಿಂಗಳುಗಳಲ್ಲಿ ದುಡಿದು ಆ ಖರ್ಚನ್ನು ತೀರಿಸುವುದು. ವಿಹಾರದ ದೋಣಿ ದುಡಿಯುವುದಿಲ್ಲ, ಉಣ್ಣುವುದು ಮಾತ್ರ.

ನಮ್ಮ ಮಿತ್ರರಿರುವುದು ಸಿಹಿನೀರಿನ ಸರೋವರಗಳ ನಡುವೆಯಲ್ಲವೆ ಎಂದು ವಾಚಕರು ಕೇಳಬಹುದು. ಉಪ್ಪಿಲ್ಲವೆಂಬುದು ನಿಜ, ಅಲ್ಲಿ ಸತುವಿಗೆ ಬದಲು ಮೆಗ್ನೀಸಿಯಮ್ ಬಿಲ್ಲೆ ಸಾಕು. ಆದರೆ ಹಡಗುಗಳ ನಿಲುಭಾರದ ನೀರಿನೊಡನೆ ಯೂರೋಪಿನಿಂದ ಬಂದು 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಣ್ಣಿಗೆ ಬಿದ್ದ ಜೀಬ್ರಾ ಚಿಪ್ಪುಗಳು ಈಗ ಆ ಸರೋವರಗಳಲ್ಲೆಲ್ಲ ಇವೆ. ಅವು ದೋಣಿಯ ತಳಕ್ಕೆ ಅಂಟುವುದಲ್ಲದೆ ಎಂಜಿನನ್ನು ತಣಿಸುವ ನೀರಿನ ಕೊಳವೆಯನ್ನೂ ಕಟ್ಟಿಬಿಡುತ್ತವೆ. ಇದರ ಮೇಲೆ ಚಳಿಗಾಲ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ, ಎಂಜಿನಿನಲ್ಲಿ ಉಳಿದ ನೀರು ಎರಕದ ಕಬ್ಬಿಣವನ್ನೇ ಸೀಳಬಲ್ಲುದು. ಆದುದರಿಂದ ಪ್ರತಿ ಶರತ್ಕಾಲದಲ್ಲಿ ಯಂತ್ರದಿಂದ ದೋಣಿಯನ್ನು ಎತ್ತಿಸಿ, ನೀರು ಬಸಿಸಿ, ಹೊದಿಕೆ ಹೊದಿಸಿ, ಜಾಗಕ್ಕೆ ಬಾಡಿಗೆ ತೆತ್ತು ಆರೇಳು ತಿಂಗಳು ಮಲಗಿಸಬೇಕು. ನೀರಿನಲ್ಲಿ ಮಾಡಿದ ತೂತೊಂದಕ್ಕೆ ಹಣ ಸುರಿಯುವುದೇ ದೋಣಿಯ ಒಡೆತನ ಎಂಬ ಹಾಸ್ಯ ಅಲ್ಲಿನ ದೋಣಿಗಾರರಲ್ಲೇ ಬಳಕೆಯಲ್ಲಿದೆ.

ಮೋಟಾರ್‌ಹೋಮು ನೆಲದ ಮೇಲೆ ನಿಂತಿರುವುದರಿಂದ ಇಷ್ಟು ಕಂದಾಯವಿಲ್ಲ. ಚಂಡಮಾರುತ ಬರುತ್ತದೆಂದು ಮುನ್ಸೂಚನೆ ಬಂದರೆ ಒಳನಾಡಿಗೆ ಓಡಿಸಿಕೊಂಡು ಹೋಗಬಹುದು. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾದ ಫೋರ್ಟ್ ಮೈಯರ್ಸ್ ಊರಿನಲ್ಲಿ ದೋಣಿಗಳನ್ನು ಎತ್ತಿ ಒಂದರ ಮೇಲೊಂದು ರಾಶಿ ಹಾಕಿತು. ಆದರೂ ಗಾಡಿ ನಿರಾಹಾರವ್ರತಿಯೇನಲ್ಲ. ಟೈರುಗಳು ಓಡದಿದ್ದರೂ ಬಿಸಿಲಿಗೂ ಓಜೋನಿಗೂ ಬಿರಿಯುತ್ತವೆ. ಅಚ್ಚು ಸವೆಯದ ಟೈರನ್ನು ವಯಸ್ಸಾಯಿತೆಂದು ಎಸೆಯುವ ಸಂಕಟವನ್ನು ಅದರ ಮಾಲೀಕರು ಬಲ್ಲರು. ರಸ್ತೆಯ ಕುಲುಕಾಟಕ್ಕೆ ಚಾವಣಿಯ ಬೆಸುಗೆಗಳು ಬಿಟ್ಟು ಮಳೆ ಒಳಸೇರುತ್ತದೆ. ಮಿಶಿಗನ್ನಿನ ಚಳಿಗೆ ಅದರ ಕೊಳಾಯಿಗಳೂ ಒಡೆಯಬಲ್ಲವು. ಅದರಲ್ಲಿ ಚಲಿಸುವ ಭಾಗವೇ ಇಲ್ಲದ ವಸ್ತುವೊಂದುಂಟು: ಅನೇಕ ಮೋಟಾರ್‌ಹೋಮುಗಳಲ್ಲಿರುವ, ಅನಿಲದ ಉರಿಯಿಂದ ತಂಪನ್ನು ಹುಟ್ಟಿಸುವ ಶೈತ್ಯಪೆಟ್ಟಿಗೆ. 1922ರಲ್ಲಿ ಅದನ್ನು ಕಂಡುಹಿಡಿದ ಪ್ಲಾಟೆನ್ ಮತ್ತು ಮುಂಟರ್ಸ್ ಇಬ್ಬರೂ ಆಗ ಸ್ಟಾಕ್‌ಹೋಮಿನಲ್ಲಿ ವಿದ್ಯಾರ್ಥಿಗಳಾಗಿದ್ದರೆಂಬುದನ್ನು ನಮ್ಮ ತರುಣ ವಾಚಕರು ಗಮನಿಸಲಿ.

ಈಗ ಹಣದ ಮಾತು. ದೋಣಿಯನ್ನು ಇಟ್ಟುಕೊಳ್ಳಲು ವರ್ಷಕ್ಕೆ ಅದರ ಬೆಲೆಯ ಹತ್ತರಲ್ಲೊಂದು ಪಾಲು ಎಂಬ ಸ್ಥೂಲ ಗಣನೆ ಅಲ್ಲಿ ಪ್ರಚಾರದಲ್ಲಿದೆ. ಅದರಂತೆ 12,000 ಡಾಲರು. ಆ ಮೂಲಧನಕ್ಕೆ ಬರಬಹುದಾಗಿದ್ದ ಬಡ್ಡಿ ನೂರಕ್ಕೆ ನಾಲ್ಕರಂತೆ 4,800. ಹಳೆಯದಾದಂತೆ ಇಳಿಯುವ ಬೆಲೆ ನೂರಕ್ಕೆ ಐದರಂತೆ 6,000. ಒಟ್ಟು 22,800. ಮೋಟಾರ್‌ಹೋಮಿಗೆ ವಿಮೆ, ದುರಸ್ತಿ, ನಿಲುಗಡೆಗಳಿಗಾಗಿ ನೂರಕ್ಕೆ ಐದರಂತೆ 6,000. ಬಡ್ಡಿ ಅದೇ 4,800. ಆದರೆ ಅದು ಮೋಟಾರುಗಾಡಿಯ ಜಾತಿಗೆ ಸೇರಿದುದರಿಂದ ಬೆಲೆ ಬೇಗ ಇಳಿಯುವುದು. ನೂರಕ್ಕೆ ಎಂಟರಂತೆ 9,600. ಒಟ್ಟು 20,400. ಈ ಶೇಕಡಾ ಅಂಕಗಳು ನಾವು ಹಿಡಿದುಕೊಂಡವು. ವಾಚಕರು ತಮಗೆ ತೋರಿದಂತೆ ತಿದ್ದಿಕೊಳ್ಳಲಿ. ಅಲ್ಪಸ್ವಲ್ಪ ತಿದ್ದಿದರೂ ಒಂದು ಸಂಗತಿ ಬದಲಾಗದು. ಲೀಟರಿಗೆ ಎಷ್ಟು ಎಂದು ನಾವು ಅಷ್ಟು ಶ್ರಮಪಟ್ಟು ಕಂಡುಹಿಡಿದ 950 ಡಾಲರು, ಕಡೆಗೆ ಆ 3,800 ಡಾಲರು ಕೂಡ, ಈ ರಾಶಿಯ ಪಕ್ಕದಲ್ಲಿ ಚಿಕ್ಕವು. ನಿಂತು ಉಣ್ಣುವುದೇ ಹೆಚ್ಚು; ಓಡಿ ಉಣ್ಣುವುದು ಕಡಿಮೆ.

ಮೋಟಾರ್‌ಹೋಮೇ ಅಗ್ಗವೆಂದು ಇದರಿಂದ ಹೇಳಬಹುದು, ಆದರೆ ಕೂದಲೆಳೆಯಷ್ಟು. ನಿರ್ಣಯಿಸುವ ಅಂಕ ಬೇರೊಂದಿದೆ: ಭಾಜಕ. ಅಮೆರಿಕದಲ್ಲಿ ನಿವೃತ್ತರಾದ ಮೇಲೆ ಮನೆಯನ್ನು ಮಾರಿ, ಚಳಿಗಾಲದಲ್ಲಿ ಹಕ್ಕಿಗಳಂತೆ ದಕ್ಷಿಣಕ್ಕೆ ಹೋಗಿ, ವರ್ಷಕ್ಕೆ 200 ದಿನ ಇಂಥ ವಾಹನದಲ್ಲೇ ಬಾಳುವವರಿದ್ದಾರೆ. ಅವರಿಗೆ ದಿನಕ್ಕೆ ಗಾಡಿಯಾದರೆ 102 ಡಾಲರು, ದೋಣಿಯಾದರೆ 114. ಮನೆಯ ಬಾಡಿಗೆಯೂ ಅದರಲ್ಲೇ ಉಳಿಯಿತು. ಅವರನ್ನು ದುಂದುಗಾರರೆಂದು ನಾವು ಕರೆಯಲಾರೆವು. ಇಪ್ಪತ್ತು ದಿನದವರಿಗಾದರೋ ದಿನಕ್ಕೆ ಸಾವಿರ ಡಾಲರಿಗೂ ಮೇಲೆ. ಮೋಟಾರ್‌ಹೋಮು ಅಲ್ಲಿ ದಿನಕ್ಕೆ ಕೆಲವು ನೂರು ಡಾಲರಿಗೆ ಬಾಡಿಗೆಗೆ ದೊರೆಯುವಾಗ, ಉಳಿತಾಯವನ್ನೆಲ್ಲ ಸುರಿದು ಅದನ್ನು ಕೊಳ್ಳುವುದು ಅವಿವೇಕವೆಂದು ನಾವು ಸ್ಪಷ್ಟವಾಗಿಯೇ ಬರೆದೆವು. ಸಂತೋಷವನ್ನು ಭಾಗಾಕಾರದಿಂದ ಅಳೆಯಬಹುದೆ ಎಂದು ಕೆಲವರು ಆಕ್ಷೇಪಿಸುವರು. ಅಳೆಯಲಾಗದು. ಆದರೆ ಸಂತೋಷ ಯಾವ ಯಾವ ದಿನ ದೊರೆಯಿತೆಂದು ಎಣಿಸಬಹುದು. ಕಳೆದ ಮೂರು ವರ್ಷಗಳ ದಿನದರ್ಶಿಗಳನ್ನು ತೆರೆದು, ಕೆಲಸದಿಂದಲೂ ಮಗಳ ಶಾಲೆಯಿಂದಲೂ ನಿಜವಾಗಿ ಬಿಡುವಿದ್ದ ಬೇಸಗೆಯ ದಿನಗಳನ್ನು ಎಣಿಸಿ ಕಳುಹಿಸಿರೆಂದು ಮಿತ್ರರನ್ನು ಕೇಳಿಕೊಂಡೆವು.

ಉತ್ತರ ಹೋದ ತಿಂಗಳು ಬಂದಿತು. ವರ್ಷಕ್ಕೆ ಸರಾಸರಿ 19 ದಿನ. ಹೋದ ಬೇಸಗೆಯಲ್ಲಿ ಅವುಗಳಲ್ಲಿ ಏಳು ದಿನ ಮಳೆ ಸುರಿದುದರಿಂದ ಉಳಿದದ್ದು 12 ಮಾತ್ರ ಎಂದು ಅವರು ಪ್ರಾಮಾಣಿಕವಾಗಿ ಬರೆದಿದ್ದರು. ಪತ್ರದ ಅಂಚಿನಲ್ಲಿ ಅವರ ಪತ್ನಿಯ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಮೇಷ್ಟ್ರೇ, ಮಳೆಯ ದಿನಗಳನ್ನು ಗಾಡಿಯ ಲೆಕ್ಕದಲ್ಲಿ ಬೇಕಾದರೆ ಕಳೆಯಿರಿ. ನೀರಿನ ಮೇಲೆ ಇರುವವರಿಗೆ ಮಳೆಯೇನು?"