ಒತ್ತಕ್ಷರ ಕಾಣದ ಪರದೆಗೆ ಹರ್ಟ್ಜ್ ಎಷ್ಟಿದ್ದರೇನು?

ನಮ್ಮ ಗಡಿಭಾಗದ ಮನೆಗಳಲ್ಲಿ ಗಣಕಯಂತ್ರದ ಪರದೆಯನ್ನು, ಅಂದರೆ ಮಾನಿಟರನ್ನು, ಆರಿಸುವ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನ ಇಂಥ ವಸ್ತುವಿಗಾಗಿ ಬೆಳಗಾವಿಗೋ ಕೊಲ್ಹಾಪುರಕ್ಕೋ ಮೀರಜ-ಸಾಂಗ್ಲಿಗೋ ಹೋಗುತ್ತಾರೆ. ಇಲ್ಲವೇ ಕುಳಿತಲ್ಲಿಂದಲೇ ಮೊಬೈಲಿನಲ್ಲಿ ತರಿಸುತ್ತಾರೆ. ಎಲ್ಲಿಂದ ತಂದರೂ ಕೇಳುವ ಪ್ರಶ್ನೆಗಳು ಎರಡೇ: ‘ಎಷ್ಟು ಇಂಚು?’, ‘ಎಷ್ಟು ಹರ್ಟ್ಜ್?’. ‘ಇದರಲ್ಲಿ ಕನ್ನಡ ಹೇಗೆ ಕಾಣುತ್ತದೆ?’ ಎಂಬ ಮೂರನೆಯ ಪ್ರಶ್ನೆಯನ್ನು ಕೇಳಿದವರನ್ನು ನಾನು ಇದುವರೆಗೂ ಕಂಡಿಲ್ಲ. ನನ್ನ ವಾದ ಇಷ್ಟೇ. ಆ ಮೂರನೆಯ ಪ್ರಶ್ನೆ ಮೊದಲನೆಯದಾಗಬೇಕು.

ಹಾಗೆಂದು ಆಟದ ವಿರೋಧಿಗಳ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ಮಕ್ಕಳು ಗಣಕಯಂತ್ರದಲ್ಲಿ ಆಡಿದರೆ ಕೆಟ್ಟೇ ಹೋಗುತ್ತಾರೆಂಬ ಮಾತನ್ನು ನಾನು ಒಪ್ಪುವವನಲ್ಲ. ನನ್ನ ತಕರಾರು ಆಟದ ಮೇಲಲ್ಲ, ಲೆಕ್ಕದ ಮೇಲೆ. ನಮ್ಮ ಕಡೆ ಒಂದು ಮನೆಗೆ ಒಂದೇ ಮಾನಿಟರ್. ಅದರಲ್ಲಿ ಮಗ ರಾತ್ರಿ ಎರಡು ತಾಸು ಆಡುತ್ತಾನೆ. ಉಳಿದ ಹೊತ್ತು ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾಳೆ, ತಂದೆ ಪಹಣಿ ತೆರೆದು ನೋಡುತ್ತಾನೆ, ತಾಯಿ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾಳೆ. ಒಂದು ಪಕ್ಕದಲ್ಲಿ ಪಠ್ಯ, ಇನ್ನೊಂದು ಪಕ್ಕದಲ್ಲಿ ಟಿಪ್ಪಣಿ ಇಟ್ಟುಕೊಂಡು ದುಡಿಯುವುದು ಈಗ ದಿನನಿತ್ಯದ ಸಂಗತಿ. ಈ ಕೆಲಸದ ಬಹುಪಾಲು ಅಕ್ಷರದ ಕೆಲಸ. ಅದರಲ್ಲೂ ಕನ್ನಡ ಅಕ್ಷರದ ಕೆಲಸ. ಆದರೆ ಪರದೆಯ ಆಯ್ಕೆ ಮಾತ್ರ ಆ ಎರಡು ತಾಸಿನ ಆಟಕ್ಕಾಗಿ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಬ್ಬಿನ ಬಿಲ್ಲು ಕೈಸೇರಿದ ವಾರವೇ 27 ಇಂಚಿನ, 165 ಹರ್ಟ್ಜಿನ ಬಾಗಿದ ಮಾನಿಟರನ್ನು ತಂದ. ‘ಸರ, ನೂರಾ ಅರವತ್ತೈದು ಐತಂತ್ರಿ’ ಎಂದು ಹೆಮ್ಮೆಯಿಂದ ಹೇಳಿದ. ‘ಏನಪ್ಪಾ ನೂರ ಅರವತ್ತೈದು?’ ಎಂದೆ. ‘ಅದು ಗೊತ್ತಿಲ್ರಿ ಸರ, ಜಾಸ್ತಿ ಇದ್ದಷ್ಟು ಚಲೋ ಅಂತ ಮಗಾ ಹೇಳ್ಯಾನ್ರಿ’ ಎಂದ. ತಿಂಗಳು ಕಳೆಯುವುದರೊಳಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದ ಅವನ ಮಗಳು ಆ ಪರದೆಯನ್ನು ಬಿಟ್ಟು ಮತ್ತೆ ಮೊಬೈಲಿನಲ್ಲಿಯೇ ಓದತೊಡಗಿದಳು. ‘ಅಕ್ಷರ ಒಡದ ಕಾಣತಾವ್ರಿ ಸರ, ತಲಿ ನೋಯ್ತದ್ರಿ’ ಎಂಬುದು ಅವಳ ದೂರು. ಮನೆಯಲ್ಲಿ ಯಾರೂ ಅದನ್ನು ಪರದೆಯ ದೋಷವೆಂದು ಎಣಿಸಲಿಲ್ಲ. ಅವಳ ಕಣ್ಣಿನ ದೋಷವೆಂದರು.

ಹರ್ಟ್ಜ್ ಎಂದರೇನು? ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೈನ್‌ರಿಚ್ ಹರ್ಟ್ಜ್ ಅವರ ಹೆಸರಿನ ಮಾನ ಅದು. ಸೆಕೆಂಡಿಗೆ ಎಷ್ಟು ಸಲ ಎಂಬುದರ ಎಣಿಕೆ. ಮಾನಿಟರಿನಲ್ಲಿ ಚಿತ್ರವು ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂದು ಅದು ತಿಳಿಸುತ್ತದೆ. ಹಳೆಯ ಗಾಜಿನ ಕೊಳವೆಯ ಡಬ್ಬಿ ಮಾನಿಟರುಗಳ ಕಾಲದಲ್ಲಿ ಈ ಸಂಖ್ಯೆಗೂ ಕಣ್ಣಿಗೂ ನೇರ ಸಂಬಂಧವಿತ್ತು. 60ರಲ್ಲಿ ಪರದೆ ಮಿನುಗುತ್ತಿತ್ತು. 75 ಅಥವಾ 85ಕ್ಕೆ ಏರಿಸಿದರೆ ಕಣ್ಣಿಗೆ ಹಿತವಾಗುತ್ತಿತ್ತು. ಇಂದಿನ ಎಲ್‌ಸಿಡಿ ಪರದೆ ಹಾಗೆ ಮಿನುಗುವುದಿಲ್ಲ. ನಿಂತ ಅಕ್ಷರಕ್ಕೆ 60 ಆದರೇನು, 165 ಆದರೇನು? ಹರ್ಟ್ಜ್ ಹೆಚ್ಚಿದಂತೆ ಚಲನೆ ನಯವಾಗುತ್ತದೆಯೇ ಹೊರತು ಅಕ್ಷರದ ಅಂಚು ಕೂದಲೆಳೆಯಷ್ಟೂ ಚೂಪಾಗುವುದಿಲ್ಲ.

ಚಲನೆಯ ಲೆಕ್ಕವನ್ನೂ ಮಾಡಿ ನೋಡೋಣ. 60 ಹರ್ಟ್ಜಿನಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡು ನಿಲ್ಲುತ್ತದೆ. 100ರಲ್ಲಿ 10 ಮಿಲಿಸೆಕೆಂಡು. 165ರಲ್ಲಿ ಸುಮಾರು 6.1. ಮೊದಲ ಮೆಟ್ಟಿಲಿನಲ್ಲಿ 6.7ರ ಲಾಭ, ಎರಡನೆಯ ಮೆಟ್ಟಿಲಿನಲ್ಲಿ 4 ಕೂಡ ಇಲ್ಲ. ಸಂಖ್ಯೆ ಏರಿದಂತೆ ಲಾಭ ಇಳಿಯುತ್ತದೆ. ಇಂದು ಸಾಧಾರಣ ಮಾನಿಟರುಗಳೇ 75 ಅಥವಾ 100 ಹರ್ಟ್ಜಿನವು ದೊರೆಯುತ್ತವೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಪರದೆ 165 ಸಲ ತೋರಿಸಬೇಕಾದರೆ ಯಂತ್ರವೂ ಸೆಕೆಂಡಿಗೆ ಅಷ್ಟು ಚಿತ್ರಗಳನ್ನು ರಚಿಸಿ ಕೊಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ದೊಡ್ಡ ಆಟಗಳು 30-40 ಚಿತ್ರಗಳಿಗೇ ಏದುಸಿರು ಬಿಡುತ್ತವೆ. ನೂರು ಕೊಡ ಹಿಡಿಯುವ ಹಂಡೆ ತಂದಿಟ್ಟು ಬಾವಿಯಲ್ಲಿ ಮೂವತ್ತು ಕೊಡ ನೀರಿದ್ದರೆ ಹಂಡೆಯ ದೊಡ್ಡಸ್ತಿಕೆ ಯಾವ ಉಪಯೋಗಕ್ಕೆ?

ಈಗ ಅಕ್ಷರದ ವಿಷಯ. ಇಂಗ್ಲಿಷ್ ಅಕ್ಷರಗಳು ಒಂದು ಸಾಲಿನಲ್ಲಿ ಪಕ್ಕಪಕ್ಕಕ್ಕೆ ಕುಳಿತುಕೊಳ್ಳುತ್ತವೆ. ನೆರೆಯ ಮರಾಠಿಯ ದೇವನಾಗರಿಯಲ್ಲಿಯೂ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಅರ್ಧಾಕ್ಷರವಾಗಿ ಅಡ್ಡಕ್ಕೆ ಸೇರುತ್ತವೆ. ನಮ್ಮ ಕನ್ನಡದ್ದು ಬೇರೆಯೇ ಬಗೆ. ಮೇಲೆ ಗುಣಿತದ ಚಿಹ್ನೆ, ನಡುವೆ ಮೂಲಾಕ್ಷರ, ಕೆಳಗೆ ಒತ್ತು. ‘ರಾಷ್ಟ್ರ’ದಂಥ ಪದದಲ್ಲಿ ಒಂದಲ್ಲ, ಎರಡು ಒತ್ತುಗಳು. ಪರದೆಯ ಮೇಲೆ ಸಣ್ಣ ಅಕ್ಷರವೊಂದಕ್ಕೆ ಸಿಗುವ ಎತ್ತರ ಹತ್ತು-ಹನ್ನೆರಡು ಪಿಕ್ಸೆಲ್, ಅಂದರೆ ಹತ್ತು-ಹನ್ನೆರಡು ಬೆಳಕಿನ ಚುಕ್ಕೆಗಳು, ಮಾತ್ರ. ಅದರಲ್ಲಿ ಒತ್ತಿನ ಪಾಲಿಗೆ ಬರುವುದು ಕೆಲವೇ ಚುಕ್ಕೆಗಳು. ಚುಕ್ಕೆ ದಪ್ಪವಾದರೆ ಮೊದಲು ಅಳಿಯುವುದು ಒತ್ತು; ಅದರ ಬೆನ್ನಿಗೇ ಮಹಾಪ್ರಾಣದ ಸೀಳು.

ಇದಕ್ಕೆ ನಮ್ಮ ಐದು ಊರುಗಳ ಹೆಸರುಗಳೇ ಒಳ್ಳೆಯ ಪ್ರಶ್ನೆಪತ್ರಿಕೆ. ಅಥಣಿಯ ‘ಥ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇದೆ. ಅದು ಕಾಣದಿದ್ದರೆ ಊರು ‘ಅಧಣಿ’ಯಾಗುತ್ತದೆ, ಕೆಳಗಿನ ಸೀಳೂ ಕಾಣದಿದ್ದರೆ ‘ಅದಣಿ’. ನಿಪ್ಪಾಣಿಯ ಒತ್ತು ಮಸುಕಾದರೆ ‘ನಿಪಾಣಿ’. ಚಿಕ್ಕೋಡಿಯಲ್ಲಿ ಒತ್ತಿನ ಜೊತೆಗೆ ಓಕಾರದ ದೀರ್ಘವೂ ಉಳಿಯಬೇಕು. ರಾಯಬಾಗದ ‘ಬ’ ‘ಭ’ ಆಗಬಾರದು. ಕಾಗವಾಡದ ‘ಡ’ ‘ಢ’ ಎನಿಸಬಾರದು. ಊರ ಹೆಸರು ನಮಗೆ ಬಾಯಿಪಾಠ, ಊಹಿಸಿ ಓದಿಬಿಡುತ್ತೇವೆ. ಆದರೆ ಜನರ ಹೆಸರನ್ನು ಊಹಿಸಲಾದೀತೇ? ಎರಡು ಭಾಷೆಗಳ ನಡುವೆ ಓಡಾಡುವ ಮನೆತನದ ಹೆಸರುಗಳು ನಮ್ಮಲ್ಲಿ ಸಾಕಷ್ಟಿವೆ. ದಾಖಲೆಯಲ್ಲಿ ಒಂದು ಒತ್ತು ತಪ್ಪಿದರೆ ಅದರ ತಿದ್ದುಪಡಿಗೆ ರೈತ ಎಷ್ಟು ಸಲ ಅಲೆಯಬೇಕೆಂಬುದು ಅಲೆದವನಿಗೇ ಗೊತ್ತು.

ಹಾಗಾದರೆ ನೋಡಬೇಕಾದ ಸಂಖ್ಯೆ ಯಾವುದು? ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳು. ಪರದೆ ದೊಡ್ಡದಾದರೂ ಈ ಎಣಿಕೆ ಬದಲಾಗುವುದಿಲ್ಲ. ಚುಕ್ಕೆಗಳು ದಪ್ಪವಾಗುತ್ತವೆ, ಅಷ್ಟೇ. 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92. 27 ಇಂಚಿನಲ್ಲಿ 82. 32 ಇಂಚಿನಲ್ಲಿ 69 ಮಾತ್ರ. ಮನೆಯ ಹಳೆಯ 32 ಇಂಚಿನ ಟಿವಿಯನ್ನೇ ಮಾನಿಟರ್ ಮಾಡಿಕೊಂಡವರ ಪಾಡು ಇನ್ನೂ ಕಷ್ಟ. ಅದರ ಅಳತೆ 1366×768 ಆಗಿದ್ದರೆ ಇಂಚಿಗೆ 49! ಅದೇ 27 ಇಂಚಿನಲ್ಲಿ 2560×1440 ಇದ್ದರೆ ಇಂಚಿಗೆ ಸುಮಾರು 109 ಸಿಗುತ್ತವೆ. 32 ಇಂಚು ಮೀರಿದ ಮಾನಿಟರಿಗಿದ್ದ ಶೇಕಡಾ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ಇದರಿಂದ ದೊಡ್ಡ ಪರದೆಯ ಆಸೆ ಇನ್ನಷ್ಟು ಬೆಳೆಯುವುದು ಸಹಜ. ಆದ್ದರಿಂದಲೇ ಹೇಳುತ್ತೇನೆ, ಇಂಚು ನೋಡಿ ಹಿಗ್ಗಬೇಡಿ, ಪಿಕ್ಸೆಲ್ ಎಣಿಸಿರಿ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ‘ಮೊಬೈಲಿನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದಲ್ಲ, ಮಾನಿಟರಿನಲ್ಲೇನು ತೊಂದರೆ?’ ಎನ್ನುತ್ತಾರೆ. ಮೊಬೈಲಿನ ಆರೂವರೆ ಇಂಚಿನ ಪರದೆ 720×1600ರದ್ದಾದರೂ ಇಂಚಿಗೆ 270 ಪಿಕ್ಸೆಲ್ ಇರುತ್ತವೆ. ಅದನ್ನು ಹತ್ತಿರ ಹಿಡಿದು ಓದುತ್ತೇವೆ, ನಿಜ. ಆದರೂ ಅಂತರ ಅಂತರವೇ. ನನ್ನ ವಿದ್ಯಾರ್ಥಿಯ ಮಗಳು ದೊಡ್ಡ ಪರದೆ ಬಿಟ್ಟು ಸಣ್ಣದಕ್ಕೆ ಮರಳಿದ್ದು ಹಟದಿಂದಲ್ಲ.

‘ದೋಷ ಪರದೆಯದಲ್ಲ, ಫಾಂಟಿನದು’ ಎನ್ನುವವರೂ ಇದ್ದಾರೆ. ಒಂದು ಕಾಲಕ್ಕೆ ಅದು ಪೂರ್ಣ ಸತ್ಯವಾಗಿತ್ತು. 1998ರಲ್ಲಿ ಬರಹ ಬಂದಿತು, ಬಳಿಕ ನುಡಿ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಫಾಂಟ್ ಬಂದಿತು. ಇಂದು ಒಳ್ಳೆಯ ಕನ್ನಡ ಫಾಂಟುಗಳಿಗೆ ಬರವಿಲ್ಲ. ಆದರೆ ಎಂಥ ಮುತ್ತಿನಂಥ ಅಕ್ಷರದ ಮಾಸ್ತರನಾದರೂ ಮೊಂಡು ಸೀಮೆಸುಣ್ಣದಿಂದ ಸಣ್ಣ ಒತ್ತನ್ನು ಬರೆಯಲಾರ.

ಮೂರನೆಯ ಆಕ್ಷೇಪ ಹುಡುಗರದು: ‘ಗುಂಡು ಹಾರಿಸುವ ಸ್ಪರ್ಧೆಯ ಆಟಗಳಲ್ಲಿ ಹೆಚ್ಚು ಹರ್ಟ್ಜ್ ಬೇಕೇ ಬೇಕು.’ ಇದರಲ್ಲಿ ಸತ್ಯವಿದೆ. ತಕ್ಕ ಗ್ರಾಫಿಕ್ಸ್ ಕಾರ್ಡಿದ್ದು, ಸ್ಪರ್ಧೆಯನ್ನೇ ಗುರಿಯಾಗಿಟ್ಟು ಅಭ್ಯಾಸ ಮಾಡುವವನಿಗೆ 144 ಅಥವಾ 165 ಹರ್ಟ್ಜ್ ನ್ಯಾಯವಾದ ಬೇಡಿಕೆ. ಅವನಿಗೂ ನಾನು ಹೇಳುವುದು, ಅಕ್ಷರವನ್ನು ಬಲಿಗೊಟ್ಟು ಹರ್ಟ್ಜ್ ಕೊಳ್ಳಬೇಡ. ಅಕ್ಷರ ಸರಿಯಿರುವ ಪರದೆಗಳ ನಡುವೆಯೇ ಹೆಚ್ಚಿನ ಹರ್ಟ್ಜಿನದನ್ನು ಆರಿಸು.

ಪೇಟೆಗೆ ಹೋಗುವ ಮುನ್ನ ಇಷ್ಟನ್ನು ಗುರುತು ಹಾಕಿಕೊಳ್ಳಿರಿ.

1. ಹಣ ಕಡಿಮೆಯಿದ್ದರೆ 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪರದೆ, 75 ಅಥವಾ 100 ಹರ್ಟ್ಜ್. ಐಪಿಎಸ್ ಆದರೆ ಪಕ್ಕದಲ್ಲಿ ಕುಳಿತವರಿಗೂ ಬಣ್ಣ ಕೆಡದೆ ಕಾಣುತ್ತದೆ.

2. ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದು ದುಡಿಯುವವರು 27 ಇಂಚಿನ 2560×1440 ನೋಡಲಿ. ಅದರಲ್ಲಿ ಅಕ್ಷರಗಳು ಮೊದಲಿಗೆ ಚಿಕ್ಕದಾಗಿ ಕಾಣುತ್ತವೆ. ವಿಂಡೋಸಿನ ಸೆಟ್ಟಿಂಗಿನಲ್ಲಿ ಅಳತೆಯನ್ನು ಶೇಕಡಾ 125ಕ್ಕೆ ಏರಿಸಿದರೆ 12 ಪಿಕ್ಸೆಲ್ಲಿನ ಅಕ್ಷರಕ್ಕೆ 15 ಸಿಗುತ್ತವೆ. ಆಗಲೂ ಫುಲ್ ಎಚ್‌ಡಿಗಿಂತ ಹೆಚ್ಚು ಜಾಗ ಉಳಿಯುತ್ತದೆ. ಕಾರ್ಡಿಗೆ ಭಾರವೆನಿಸಿದರೆ ಆಟವನ್ನಷ್ಟೇ 1080ಕ್ಕೆ ಇಳಿಸಿಕೊಳ್ಳಬಹುದು.

3. ಓದುವ ಕೆಲಸಕ್ಕೆ 27 ಅಥವಾ 32 ಇಂಚಿನ ಫುಲ್ ಎಚ್‌ಡಿ ಬೇಡವೇ ಬೇಡ.

4. ಎತ್ತರ ಹೊಂದಿಸುವ ಸ್ಟ್ಯಾಂಡ್ ಇದ್ದರೆ ಒಳಿತು. ಒಂದೇ ಪರದೆಯ ಮುಂದೆ ಹತ್ತು ವರ್ಷದ ಮಗುವೂ ಅಪ್ಪನೂ ಕುಳಿತುಕೊಳ್ಳುತ್ತಾರೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲಿರಬಾರದು. ದೂರ ಒಂದು ತೋಳಿನಷ್ಟಿರಲಿ.

5. ಅಂಗಡಿಯಲ್ಲಿ ಬಣ್ಣಬಣ್ಣದ ಆಟದ ವೀಡಿಯೊ ನಿಲ್ಲಿಸಲು ಹೇಳಿ, ನಮ್ಮ ಐದು ಊರುಗಳ ಹೆಸರುಗಳನ್ನು 11ರ ಅಳತೆಯಲ್ಲಿ ಬರೆಯಿಸಿ. ತೋಳಳತೆಯ ದೂರದಲ್ಲಿ ಕುಳಿತು, ಊಹಿಸದೆ ಓದಿ. ಮನೆಗೆ ತರಿಸಿದವರು ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಮೊದಲ ದಿನವೇ ಈ ಪರೀಕ್ಷೆ ಮಾಡಲಿ.

ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ನಮ್ಮ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು. ಅದು ಬೇಕಾದದ್ದೇ; ಗಡಿಯಲ್ಲಿ ಬದುಕುವ ನಮಗೆ ಅದರ ಬೆಲೆ ಗೊತ್ತು. ಆದರೆ ಹೊರಗಿನ ಫಲಕಕ್ಕಾಗಿ ಕೂಗುವ ನಾವು ಒಳಗೆ ಹೋಗಿ ಸಾವಿರಾರು ರೂಪಾಯಿ ಎಣಿಸಿ ಕೊಡುವಾಗ ಕನ್ನಡದ ಮಾತೇ ಎತ್ತುವುದಿಲ್ಲ. ಗಿರಾಕಿ ಕೇಳದ ಗುಣವನ್ನು ವ್ಯಾಪಾರಿ ಏಕೆ ತೋರಿಸಿಯಾನು? ಊರ ದಾನಿಗಳ ಹಣದಲ್ಲಿ ಶಾಲೆಗೆ ಮಾನಿಟರ್ ಕೊಳ್ಳುವ ಮುಖ್ಯೋಪಾಧ್ಯಾಯರಲ್ಲಿಯೂ ನನ್ನ ವಿನಂತಿ ಇದೇ. ದರಪಟ್ಟಿ ತರಿಸುವಾಗ ಇಂಚು, ದರ, ಗ್ಯಾರಂಟಿಗಳ ಜೊತೆಗೆ ‘ಹನ್ನೊಂದರ ಅಳತೆಯ ಕನ್ನಡ ಅಕ್ಷರ ಒತ್ತುಸಹಿತ ಸ್ಪಷ್ಟವಾಗಿ ಕಾಣಬೇಕು’ ಎಂಬ ಒಂದು ಸಾಲನ್ನು ಸೇರಿಸಿರಿ. ಅದಕ್ಕೆ ಖರ್ಚಿಲ್ಲ.

ಕೊನೆಯ ಬೆಂಚಿನ ಹುಡುಗನಿಗೆ ಕಪ್ಪುಹಲಗೆಯ ಒತ್ತಕ್ಷರ ಕಾಣುತ್ತದೆಯೇ ಎಂದು ವಿಚಾರಿಸಿಯೇ ಪಾಠ ಮುಂದುವರಿಸುವುದು ಮಾಸ್ತರರ ರೂಢಿ. ಮಾನಿಟರ್ ಕೊಳ್ಳುವ ತಂದೆತಾಯಂದಿರು ಹಣ ಕೊಡುವ ಮುನ್ನ ಅಷ್ಟನ್ನೇ ವಿಚಾರಿಸಲಿ. ಕೊಳ್ಳುವ ದಿನ ಮಗನನ್ನಷ್ಟೇ ಅಲ್ಲ, ಮಗಳನ್ನೂ ಕರೆದುಕೊಂಡು ಹೋಗಿರಿ. ಏನಂತೀರಿ?