ಪಹಣಿಯಲ್ಲಿ ರೈತ ಮಹಿಳೆಯ ಹೆಸರೂ ಇರಲಿ

ನಾಟಿ, ಕಳೆ, ಕೊಯ್ಲು, ಒಕ್ಕಣೆ, ಬೀಜ ಶೇಖರಣೆ, ದನಕರುಗಳ ಆರೈಕೆ - ಇವುಗಳಲ್ಲಿ ಹೆಂಗಸರ ಕೈ ಸೋಕದ ಬೇಸಾಯವನ್ನು ನಮ್ಮ ರಾಜ್ಯದಲ್ಲಿ ಹುಡುಕಿದರೂ ಸಿಗದು. ಆದರೆ ರೈತ ಯಾರೆಂದು ಕೇಳಿದರೆ ಎಲ್ಲರೂ ಗಂಡಸಿನತ್ತಲೇ ಬೆರಳು ತೋರಿಸುತ್ತೇವೆ. ಸರ್ಕಾರಿ ಲೆಕ್ಕವೂ ಅದನ್ನೇ ಹೇಳುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರವು ಸೇಕಡಾ 14ರಷ್ಟು ಮಾತ್ರ. ಸಾಗುವಳಿ ವಿಸ್ತೀರ್ಣದಲ್ಲಿ ಅವರ ಪಾಲು ಸೇಕಡಾ 12ಕ್ಕೂ ಕಡಿಮೆ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಹಿರಿಯರ ಮಾತು. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಹೆಸರಿಗೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಕೃಷಿ ಯಂತ್ರೋಪಕರಣಗಳ ಕೇಂದ್ರ ಯೋಜನೆಯಲ್ಲಿ ಇತರರಿಗೆ ಸೇಕಡಾ 40 ಸಹಾಯಧನವಿದ್ದರೆ, ಸಣ್ಣ ರೈತರಿಗೂ ಮಹಿಳೆಯರಿಗೂ ಸೇಕಡಾ 50 ಇದೆ. 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಆದರೆ ಸೌಲಭ್ಯ ಪಡೆಯಲು ಮೊದಲು ಕೇಳುವುದು ಪಹಣಿ. 2018ರ ಡಿಸೆಂಬರಿನಿಂದ ಜಾರಿಗೆ ಬಂದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಭೂದಾಖಲೆಯಲ್ಲಿ ಹೆಸರಿದ್ದವರ ಖಾತೆಗೇ ಜಮೆಯಾಗುತ್ತದೆ. ಪಹಣಿಯ 9ನೆಯ ಕಾಲಂನಲ್ಲಿ ಹೆಸರಿಲ್ಲದ ಹೆಣ್ಣುಮಗಳಿಗೆ ಹೆಚ್ಚುವರಿ ಸಹಾಯಧನ ಕಾಗದದ ಮೇಲಿನ ಸಕ್ಕರೆಯಷ್ಟೇ. ಹೀಗಾಗಿ ಸಮಾನತೆಯ ನೀತಿ ಹಳ್ಳಿಗೆ ಬರಬೇಕಾದರೆ ಖಾತೆಯ ಬಾಗಿಲಿನಿಂದಲೇ ಬರಬೇಕು.

ಕಾನೂನು ಈ ಬಾಗಿಲನ್ನು ತೆರೆದಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಅಂದು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆದುಹಾಕಿತು. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಹಾಗಿದ್ದರೂ ಹಕ್ಕು ಏಕೆ ಹೊಲಕ್ಕೆ ಇಳಿದಿಲ್ಲ? ವಿಭಾಗದ ದಿನ ಅಕ್ಕತಂಗಿಯರನ್ನು ಕರೆಸಿ, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ತವರು ತಪ್ಪೀತೆಂಬ ಅಂಜಿಕೆಯಿಂದ ಅವರೂ ಹೆಬ್ಬೆಟ್ಟು ಒತ್ತುತ್ತಾರೆ. "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನುವವರುಂಟು. ಮದುವೆಯ ಊಟ ಒಂದು ದಿನದ್ದು. ಹೊಲ ವರ್ಷ ವರ್ಷವೂ ಅನ್ನ ಕೊಡುವಂಥದ್ದು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. "ಹೆಣ್ಣಿಗೆ ಕೊಟ್ಟರೆ ಹೊಲ ತುಂಡಾಗುತ್ತದೆ" ಎಂಬ ವಾದವೂ ಇದೆ. ತುಂಡು ಹಿಡುವಳಿಯ ಕಷ್ಟ ನಿಜವೇ. ಆದರೆ ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡಾಗ ಬಾರದ ಈ ಮಾತು ತಂಗಿ ಕೇಳಿದಾಗ ಮಾತ್ರ ಬರುವುದೇಕೆ? ಗಂಡ ಹೆಂಡಿರ ಹೆಸರಿನ ಜಂಟಿ ಖಾತೆಯಲ್ಲಂತೂ ಒಂದು ಗುಂಟೆಯೂ ತುಂಡಾಗುವುದಿಲ್ಲ. ಸರ್ಕಾರ ಹಂಚುವ ಭೂಮಿಗೆ ಜಂಟಿ ಹಕ್ಕುಪತ್ರ ಇರಬೇಕೆಂದು 6ನೆಯ ಪಂಚವಾರ್ಷಿಕ ಯೋಜನೆಯಲ್ಲೇ (1980-85) ಹೇಳಲಾಗಿತ್ತು.

ಇದರ ಬಿಸಿ ತಟ್ಟುವುದು ಮನೆಯ ಯಜಮಾನ ಅಕಾಲದಲ್ಲಿ ತೀರಿಕೊಂಡಾಗ. ಖಾತೆ ಇನ್ನೂ ಮಾವನ ಹೆಸರಿನಲ್ಲಿದ್ದು, ಮಾವನೂ ಗತಿಸಿದ್ದರೆ, ಉಳುವವಳು ಸೊಸೆ, ದಾಖಲೆಯಲ್ಲಿರುವವರು ಸತ್ತವರು. ಬೆಳೆಸಾಲಕ್ಕೂ ವಿಮೆಗೂ ಬೆಳೆ ಪರಿಹಾರಕ್ಕೂ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕೈಸಾಲದವನು ಮಾತ್ರ ಪಹಣಿ ಕೇಳುವುದಿಲ್ಲ. ಅವನು ಕೇಳುವುದು ಬಡ್ಡಿ.

ಆದ್ದರಿಂದ ರೈತ ಬಾಂಧವರು ಈ ಕೆಲಸಗಳನ್ನು ಮುಂದಕ್ಕೆ ಹಾಕಬಾರದು. ಖಾತೆದಾರರು ತೀರಿಕೊಂಡಿದ್ದರೆ ಮರಣ ಪತ್ರ, ವಂಶವೃಕ್ಷ ಸಹಿತ ಪೌತಿ ಖಾತೆಗೆ ಅರ್ಜಿ ಕೊಡಿ. ಪುರುಷನು ಮರಣಶಾಸನ ಬರೆಯದೆ ತೀರಿಕೊಂಡರೆ ಅವನ ಪಾಲಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರೂ ಸಮಾನ ವಾರಸುದಾರರು. ವಂಶವೃಕ್ಷದಲ್ಲಿ ಯಾರ ಹೆಸರನ್ನೂ ಬಿಡಬೇಡಿ. ಬದುಕಿರುವಾಗಲೇ ಹೆಂಡತಿಯ ಹೆಸರು ಸೇರಿಸಲು ಬರಿಯ ಅರ್ಜಿ ಸಾಲದು. ನೋಂದಾಯಿತ ದಾನಪತ್ರವೋ ವಿಭಾಗಪತ್ರವೋ ಬೇಕು.

ಸರ್ಕಾರದ ಕಡೆಯಿಂದಲೂ ಎರಡು ಕೆಲಸ ಆಗಬೇಕು. ಮಹಿಳೆ ಸಾಗುವಳಿ ಮಾಡುತ್ತಿರುವುದಕ್ಕೆ ಗ್ರಾಮ ಪಂಚಾಯಿತಿಯೇ ರೈತಳೆಂಬ ಪ್ರಮಾಣಪತ್ರ ಕೊಡಬೇಕೆಂದು ಡಾ. ಎಂ. ಎಸ್. ಸ್ವಾಮಿನಾಥನ್ 2012ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೇ ಇರುವಾಗ, ಈ ವಿಚಾರಕ್ಕೆ ಮರುಜೀವ ಕೊಡುವುದು ಕಷ್ಟವೇನಲ್ಲ. ಎರಡನೆಯದು ತರಬೇತಿ. ಶೇಂಗಾ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ಎಂದು ಕಟ್ಟೆಯ ಮೇಲೆ ಕುಳಿತ ಗಂಡಸರಿಗೆ ಹೇಳಿ ಹೋದರೆ, ಮನೆಯಲ್ಲಿ ಬೀಜ ಸುಲಿದು ಹಸನು ಮಾಡುವವಳಿಗೆ ಅದು ತಲುಪದು. ಅಡುಗೆ, ಹಾಲು ಕರೆಯುವ ಹೊತ್ತು ಬಿಟ್ಟು, ಊರೊಳಗೇ, ಅವರೆದುರೇ ಪ್ರಾತ್ಯಕ್ಷಿಕೆ ನಡೆಯಬೇಕು.

ಇದು ಯಾರಿಗೂ ದಯೆ ತೋರುವ ಮಾತಲ್ಲ. ಹೊಲ ತನ್ನದೆಂಬ ಭರವಸೆ ಇದ್ದವರೇ ಬದು ಹಾಕುತ್ತಾರೆ, ಗೊಬ್ಬರ ಸುರಿಯುತ್ತಾರೆ, ಗಿಡ ನೆಡುತ್ತಾರೆ. ಈ ವಾರ ನಿಮ್ಮ ಪಹಣಿಯನ್ನು ತೆಗೆದು, ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದನ್ನು ಮನೆಯವರೆಲ್ಲ ಕುಳಿತು ಓದಿರಿ.